ಬೆಂಗ್ರೆಯ ಬುತ್ತಿಯಲ್ಲಿ ಕುಚ್ಚಲಕ್ಕಿ

ನಮ್ಮ ಕಡೆ ಸಲಾಡ್ ಎಂದರೆ ಬಿರಿಯಾನಿಯ ಬದಿಗೆ ಬಂದು ಕೂರುವ ವಸ್ತು. ನೀರುಳ್ಳಿ, ಮುಳ್ಳುಸೌತೆ, ಟೊಮೆಟೊ ಹೆಚ್ಚಿ, ಉಪ್ಪು ಉದುರಿಸಿ, ಮೇಲೆ ಒಂದಿಷ್ಟು ವಿನೆಗರ್ ಹಾಕಿದರೆ ಮುಗಿಯಿತು. ಮದುವೆ ಮನೆಯಲ್ಲಿ ಅದು ಖಾಲಿಯಾದರೆ ಯಾರೂ ಗಲಾಟೆ ಮಾಡುವುದಿಲ್ಲ. ಗಲಾಟೆಯಾಗುವುದು ಬಿರಿಯಾನಿ ಖಾಲಿಯಾದಾಗ ಮಾತ್ರ. ಹೀಗಿರುವಾಗ ಬೆಂಗ್ರೆಯಂಥ ಊರಿನಲ್ಲಿ "ಇವತ್ತು ಮಧ್ಯಾಹ್ನಕ್ಕೆ ಸಲಾಡ್" ಎಂದರೆ "ಸರಿ, ಊಟಕ್ಕೆ ಎಂಥ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಮನೆಯಲ್ಲೂ ಬಂತು.

ಆ ಪ್ರಶ್ನೆ ನ್ಯಾಯವಾದದ್ದೇ. ಬೆಳಗಿನ ಜಾವ ಎದ್ದು ದಕ್ಕೆಗೆ ಹೋಗಿ ಮೀನಿನ ಬುಟ್ಟಿ ಎತ್ತುವವರಿಗೆ, ಬಲೆ ಹೆಣೆಯುವವರಿಗೆ, ನದಿ ದಾಟಿ ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ನಾಲ್ಕು ಸೌತೆಹೋಳು ಯಾವ ಲೆಕ್ಕ? ಹೊಟ್ಟೆ ತುಂಬಿಸದ ಆಹಾರದ ಗುಣಗಾನ ಮಾಡುವ ಉದ್ದೇಶ ನನಗಿಲ್ಲ. ನಾನು ಹೇಳಹೊರಟಿರುವುದು ಧಾನ್ಯವನ್ನೇ ಬುಡವಾಗಿಟ್ಟುಕೊಂಡ, ತಣ್ಣಗೆ ತಿನ್ನಬಹುದಾದ, ಸಂಜೆಯವರೆಗೆ ಹಸಿವು ತಡೆಯುವ ಒಂದು ಊಟದ ಬಗ್ಗೆ. ಅದಕ್ಕೆ ಬೇಕಾದ ಧಾನ್ಯ ಹೊರಗಿನಿಂದ ಬರಬೇಕಾಗಿಲ್ಲ. ಕರಾವಳಿಯ ಪ್ರತಿ ಮನೆಯ ಅಕ್ಕಿ ಡಬ್ಬಿಯಲ್ಲಿ ಅದು ಮೊದಲಿನಿಂದಲೂ ಕೂತಿದೆ.

ಬೆಂಗ್ರೆಯನ್ನು ನೋಡದವರಿಗಾಗಿ ಎರಡು ಮಾತು. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ ನದಿ, ನಡುವೆ ಉದ್ದಕ್ಕೆ ಚಾಚಿಕೊಂಡ ಮರಳ ಪಟ್ಟಿ. ಅದರ ದಕ್ಷಿಣದ ತುದಿಯಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಸಮುದ್ರ ಸೇರುವ ಅಳಿವೆ. ಕಸಬಾ ಬೆಂಗ್ರೆಯಲ್ಲಿ ಬ್ಯಾರಿಗಳು ಹೆಚ್ಚು, ತೋಟ ಬೆಂಗ್ರೆಯಲ್ಲಿ ಮೊಗವೀರರು ಹೆಚ್ಚು. ಇಬ್ಬರ ಅನ್ನವೂ ಕಡಲಿನದೇ. ಮಂಗಳೂರಿನ ಬಂದರು ಎದುರಿಗೇ ಕಾಣುತ್ತದೆ. ಫೆರಿಯಲ್ಲಿ ಕೂತರೆ ಕೆಲವೇ ನಿಮಿಷದ ದಾರಿ, ರಸ್ತೆಯಲ್ಲಿ ಹೋಗಬೇಕೆಂದರೆ ತಣ್ಣೀರುಬಾವಿಯ ಕಡೆಯಿಂದ ಊರೆಲ್ಲ ಸುತ್ತಬೇಕು. ಹೀಗಾಗಿ ಬೆಳಗ್ಗೆ ನದಿ ದಾಟಿದವರು ಮಧ್ಯಾಹ್ನದ ಊಟಕ್ಕೆಂದು ಮನೆಗೆ ಬರುವುದು ಕಡಿಮೆ. ಕೈಯಲ್ಲಿ ಬುತ್ತಿ ಇರುತ್ತದೆ. ಏಳು ಗಂಟೆಗೆ ಬಿಸಿಬಿಸಿಯಾಗಿ ತುಂಬಿದ ಅನ್ನ ಹನ್ನೆರಡೂವರೆಗೆ ತಣ್ಣಗಾಗಿ ಮುದ್ದೆ ಕಟ್ಟಿರುತ್ತದೆ, ಸಾರು ಮುಚ್ಚಳದ ಸಂದಿನಿಂದ ಚೀಲಕ್ಕೆ ಇಳಿದಿರುತ್ತದೆ. ಹೇಗೂ ತಣ್ಣಗೇ ತಿನ್ನುವುದಾದರೆ, ತಣ್ಣಗಿದ್ದಾಗಲೇ ರುಚಿಸುವ ಊಟವನ್ನು ಏಕೆ ಕಟ್ಟಬಾರದು ಎಂಬುದು ನನ್ನ ತಲೆಗೆ ಬಂದ ಮೊದಲ ಯೋಚನೆ.

ಎರಡನೆಯ ಕಾರಣ ನಮ್ಮ ಉಮ್ಮ, ಅಂದರೆ ನನ್ನ ಅತ್ತೆ.

ನಾನು ಘಟ್ಟದ ಮೇಲಿನವಳು. ಮನೆಮಾತು ಉರ್ದು, ಮೊದಲ ಅಕ್ಷರ ಕಲಿತದ್ದು ಉರ್ದು ಶಾಲೆಯಲ್ಲಿ, ಕತೆ ಬರೆಯಲು ಕಲಿತದ್ದು ಕನ್ನಡದಲ್ಲಿ. ನಮ್ಮ ಅಮ್ಮಿಯ ದಸ್ತರ್‌ಖಾನಿನ ಮೇಲೆ ಬರುತ್ತಿದ್ದುದು ಬಿಳಿ ಅನ್ನ, ಇಲ್ಲಿನವರು ಬೆಳ್ತಿಗೆ ಎನ್ನುವ ಅಕ್ಕಿಯದು. ಮದುವೆಯಾಗಿ ಬೆಂಗ್ರೆಗೆ ಬಂದ ಹೊಸತರಲ್ಲಿ ಕುಚ್ಚಲಕ್ಕಿಯ ದಪ್ಪ ಕೆಂಪು ಅಗುಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಉಮ್ಮ ನಗುತ್ತಿದ್ದರು. "ಅಗಿದು ತಿನ್ನು ಮಗಳೇ, ಇದು ನುಂಗುವ ಅನ್ನ ಅಲ್ಲ" ಎನ್ನುತ್ತಿದ್ದರು. ಅಗಿಯುತ್ತಾ ಅಗಿಯುತ್ತಾ ಅದರ ರುಚಿ ಹತ್ತಿತು. ಈಗ ಬೆಳ್ತಿಗೆ ಅನ್ನ ಉಂಡರೆ ಎರಡು ಗಂಟೆಯೊಳಗೆ ಮತ್ತೆ ಹಸಿವಾಗುತ್ತದೆ.

ಉಮ್ಮನಿಗೆ ಸಕ್ಕರೆ ಕಾಯಿಲೆ ಬಂದಾಗ ವೈದ್ಯರೊಬ್ಬರು ಹೇಳಿದ ಮಾತು ನಾಲ್ಕೇ ಶಬ್ದದ್ದು: "ಅನ್ನ ಬಿಡಿ, ಚಪಾತಿ ತಿನ್ನಿ." ಅರುವತ್ತು ವರ್ಷ ಕುಚ್ಚಲಕ್ಕಿ ಗಂಜಿ, ಮೀನು ಸಾರು ಉಂಡ ಬಾಯಿಗೆ ಆ ಮಾತು ಊಟವನ್ನೇ ಬಿಡಿ ಎಂದಂತೆ ಕೇಳಿಸಿತು. ಚಪಾತಿ ಮಾಡಿಕೊಟ್ಟರೆ ಒಂದು ತುಂಡು ಮುರಿದು ಸಾರಿನಲ್ಲಿ ಅದ್ದಿ, ಉಳಿದದ್ದನ್ನು ಮೊಮ್ಮಕ್ಕಳ ಕಡೆ ತಳ್ಳುತ್ತಿದ್ದರು. ಮಾತ್ರೆ ಮಾತ್ರ ತಪ್ಪದೆ ನುಂಗುತ್ತಿದ್ದರು. ಮಾತ್ರೆ ಒಳಗೆ, ಊಟ ಹೊರಗೆ. ಒಂದು ದಿನ ಹನ್ನೊಂದರ ಹೊತ್ತಿಗೆ ಬೆವರಿ, ಕೈ ನಡುಗಿ, ಬಾಗಿಲ ದಾರಂದ ಹಿಡಿದು ಕೂತುಬಿಟ್ಟರು. ಸಕ್ಕರೆ ಏರುವುದು ಎಷ್ಟು ಅಪಾಯವೋ, ಮಾತ್ರೆ ತಿನ್ನುವವರಲ್ಲಿ ಅದು ಹಠಾತ್ತನೆ ಇಳಿಯುವುದು ಅದಕ್ಕಿಂತ ತುರ್ತಿನ ಅಪಾಯ. ಬೆಲ್ಲದ ನೀರು ಕುಡಿಸಿ ಸುಧಾರಿಸಿಕೊಂಡರು. ಅಂದಿನಿಂದ ನಮ್ಮ ಮನೆಯ ಪ್ರಶ್ನೆ ಬದಲಾಯಿತು. ಇವರು ಏನನ್ನು ಬಿಡಬೇಕು ಎಂಬುದನ್ನು ಪಕ್ಕಕ್ಕಿಟ್ಟು, ಇವರು ತಟ್ಟೆ ತಳ್ಳದೆ ಏನನ್ನು ತಿಂದಾರು ಎಂದು ಹುಡುಕತೊಡಗಿದೆವು.

ಇದು ನಮ್ಮ ಮನೆಯೊಂದರ ಕತೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯೊಂದರ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ. ಮಧುಮೇಹದ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13 ಕೋಟಿಗೂ ಹೆಚ್ಚು. ಬಿಳಿ ಅಕ್ಕಿಯ ಬಗ್ಗೆಯೂ ಒಂದು ದೊಡ್ಡ ಅಧ್ಯಯನವಿದೆ. 21 ದೇಶಗಳ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2020ರಲ್ಲಿ ಪ್ರಕಟಿಸಿದ್ದು ಅದು. ಬಿಳಿ ಅಕ್ಕಿಯನ್ನು ಅತಿಯಾಗಿ ಉಣ್ಣುವವರಲ್ಲಿ ಮಧುಮೇಹದ ಸಾಧ್ಯತೆ ಹೆಚ್ಚು, ಅದರಲ್ಲೂ ದಕ್ಷಿಣ ಏಷ್ಯಾದಲ್ಲಿ ಎದ್ದು ಕಾಣುವಷ್ಟು ಹೆಚ್ಚು ಎಂದು ಅದು ಹೇಳಿತು. ಅನ್ನದ ಬಗ್ಗೆ ವೈದ್ಯರಿಗಿರುವ ಭಯಕ್ಕೆ ಕಾರಣವಿದೆ. ಆದರೆ ಅನ್ನಗಳೆಲ್ಲ ಒಂದೇ ಅಲ್ಲ. ಅದು ನನಗೆ ಸರಿಯಾಗಿ ತಿಳಿದದ್ದು ಒಂದು ಗೋಧಿಯ ಪೊಟ್ಟಣದಿಂದ.

ಗಲ್ಫಿನಿಂದ ರಜೆಯಲ್ಲಿ ಬಂದ ಸಂಬಂಧಿಕರೊಬ್ಬರು ಖರ್ಜೂರ, ಬಾದಾಮಿಗಳ ಜೊತೆಗೆ ಒಂದು ಕಿಲೋ ಬುರ್ಗುಲ್ ತಂದಿದ್ದರು. ಶಾಮಿನ ಕಡೆಯವರು, ಅಂದರೆ ಲೆಬನಾನ್, ಸಿರಿಯಾದವರು ಇದರಿಂದ ತಬ್ಬೂಲೆ ಎಂಬ ಸಲಾಡ್ ಮಾಡುತ್ತಾರೆ. ಸಣ್ಣಗೆ ಹೆಚ್ಚಿದ ಸೊಪ್ಪು, ಪುದೀನ, ಟೊಮೆಟೊ, ನಿಂಬೆರಸ, ಆಲಿವ್ ಎಣ್ಣೆ, ಅದರೊಳಗೆ ನೆನೆದ ಗೋಧಿಯ ಕಡಿ. ನನಗೆ ಅದು ನಮ್ಮ ಅಮ್ಮಿ ಜ್ವರ ಬಂದವರಿಗೆ ಬೇಯಿಸಿಕೊಡುತ್ತಿದ್ದ ದಲಿಯಾದಂತೆಯೇ ಕಂಡಿತು. ಅಲ್ಲ. ದಲಿಯಾ ಹಸಿ ಗೋಧಿಯನ್ನು ಒಡೆದದ್ದು. ಬುರ್ಗುಲ್ ಎಂದರೆ ಇಡೀ ಗೋಧಿಯನ್ನು ಮೊದಲು ಬೇಯಿಸಿ, ಬಿಸಿಲಿಗೆ ಒಣಗಿಸಿ, ಆಮೇಲೆ ಒಡೆದದ್ದು. ಇದನ್ನು ಓದಿ ಹೇಳಿದಾಗ ಉಮ್ಮ ನಾಲ್ಕು ಕಾಳು ಅಂಗೈಯಲ್ಲಿಟ್ಟು ನೋಡಿ, "ಹಾಗಾದರೆ ಇದು ಕುಚ್ಚಲು ಗೋಧಿ, ಅಷ್ಟೇ" ಎಂದರು.

ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳದು. ನಮ್ಮ ಕುಚ್ಚಲಕ್ಕಿಯ ವಿಧಾನವೂ ಅದೇ ಅಲ್ಲವೇ? ಭತ್ತವನ್ನು ನೆನೆಸಿ, ಸಿಪ್ಪೆ ಬಿರಿಯುವವರೆಗೆ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಮಿಲ್ಲಿಗೆ ಕೊಡುವುದು. ಅಕ್ಕಿಯಾಗುವ ಮೊದಲೇ ಒಮ್ಮೆ ಬೆಂದಿರುವುದರಿಂದ ಅದರ ಕಾಳು ಗಟ್ಟಿ. ಅನ್ನವಾದ ಮೇಲೂ ಅಗುಳು ಅಗುಳಾಗಿ ಉಳಿಯುತ್ತದೆ, ಬೆಳ್ತಿಗೆಯಂತೆ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ತಣ್ಣಗಿನ ಊಟಕ್ಕೆ ಬೇಕಾದ ಗುಣ ಇದೇ. ಅರಬರು ಗೋಧಿಗೆ ಮಾಡಿದ್ದನ್ನು ಕರಾವಳಿಯವರು ಭತ್ತಕ್ಕೆ ಮಾಡಿದ್ದಾರೆ. ಅವರು ತಮ್ಮದನ್ನು ಸಲಾಡಿಗೆ ಹಾಕಿದರು, ನಾವು ಗಂಜಿಗೆ ಹಾಕಿದೆವು.

ಕುಚ್ಚುವ ಈ ಕೆಲಸಕ್ಕೆ ಇನ್ನೂ ಒಂದು ಫಲವಿದೆ. ಬೇಯುವಾಗ ಹೊರಪದರದಲ್ಲಿರುವ ಬಿ ಜೀವಸತ್ವಗಳಲ್ಲಿ ಒಂದು ಪಾಲು ಕಾಳಿನ ಒಳಗೆ ಇಳಿಯುತ್ತದೆ. ಮಿಲ್ಲಿನಲ್ಲಿ ತೌಡು ಹೋದರೂ ಎಲ್ಲವೂ ಹೋಗುವುದಿಲ್ಲ. ಇದರ ಬೆಲೆ ಲೋಕಕ್ಕೆ ತಿಳಿಯಲು ಬಹಳ ಸಾವುಗಳಾಗಬೇಕಾಯಿತು. 1890ರ ದಶಕದಲ್ಲಿ ಜಾವಾ ದ್ವೀಪದ ಬಟಾವಿಯದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು, ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ಪಾಲಿಶ್ ಮಾಡದ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. ಮನುಷ್ಯರನ್ನು ಕೊಲ್ಲುತ್ತಿದ್ದ ಬೆರಿಬೆರಿ ರೋಗದ ಗುಟ್ಟು ಅಲ್ಲಿಂದ ಬಿಚ್ಚಿಕೊಂಡಿತು. 1905ರಲ್ಲಿ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಿಳಿ ಅಕ್ಕಿ, ಇನ್ನೊಂದಕ್ಕೆ ಕುಚ್ಚಲಕ್ಕಿ ಕೊಟ್ಟು ನೋಡಿದರು. ಬೆರಿಬೆರಿ ಹಬ್ಬಿದ್ದು ಬಿಳಿ ಅಕ್ಕಿಯವರಲ್ಲಿ. ಮಲಯದ ತಮಿಳು ಕೂಲಿಗಳಲ್ಲಿ ಈ ರೋಗ ವಿರಳವಾಗಿದ್ದುದಕ್ಕೂ ಅವರು ಉಣ್ಣುತ್ತಿದ್ದ ಕುಚ್ಚಲಕ್ಕಿಯೇ ಕಾರಣವೆಂದು ಆಗ ಅರ್ಥವಾಯಿತು. ಐಕ್‌ಮನ್ನರಿಗೆ 1929ರಲ್ಲಿ ನೊಬೆಲ್ ಬಂತು. ಭತ್ತ ಕುಚ್ಚುವುದನ್ನು ಕಂಡುಹಿಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಜರಡಿ ಹಿಡಿಯದ ಧಾನ್ಯದ ಮಾತು ಬಂದಾಗ ನನಗೆ ಇನ್ನೊಂದು ನೆನಪಾಗುತ್ತದೆ. ಬುಖಾರಿ ಸಂಗ್ರಹದಲ್ಲಿ ಸಹ್ಲ್ ಬಿನ್ ಸಅದ್ ಅವರಿಂದ ಬಂದ ಒಂದು ಹದೀಸ್ ಇದೆ. ಪ್ರವಾದಿವರ್ಯರ ಕಾಲದಲ್ಲಿ ಜರಡಿ ಇತ್ತೇ ಎಂದು ಕೇಳಿದವರಿಗೆ, ಇರಲಿಲ್ಲ, ಜವೆಗೋಧಿಯನ್ನು ಬೀಸಿ ಹೊಟ್ಟನ್ನು ಬಾಯಿಂದ ಊದಿ, ಉಳಿದದ್ದನ್ನು ನಾದಿ ತಿನ್ನುತ್ತಿದ್ದೆವು ಎಂಬ ಅರ್ಥದ ಉತ್ತರ ಅದರಲ್ಲಿದೆ. ಅಂದು ಅದು ಬಡತನದ ಊಟ. ಇಂದು ಅದೇ ತವುಡು, ಅದೇ ನಾರು ದುಬಾರಿ ಪೊಟ್ಟಣದಲ್ಲಿ ಬರುತ್ತದೆ.

ಆದರೆ ಕುಚ್ಚಲಕ್ಕಿಯೆಂದರೆ ಔಷಧವಲ್ಲ, ಅದೂ ಅಕ್ಕಿಯೇ. ಉಮ್ಮನ ತಟ್ಟೆಯಲ್ಲಿ ಮೊದಲಿದ್ದಂತೆ ಗುಡ್ಡೆ ಹಾಕಿದರೆ ಸಕ್ಕರೆ ಏರಿಯೇ ಏರುತ್ತದೆ. ಅಂಗಡಿಯಲ್ಲಿ ಕುಚ್ಚಲಕ್ಕಿಯೆಂದು ಮಾರುವುದರಲ್ಲೂ ಎರಡು ಬಗೆ ಇದೆ. ಚೆನ್ನಾಗಿ ಪಾಲಿಶ್ ಮಾಡಿ ಬೆಳ್ಳಗಾಗಿಸಿದ್ದು ಒಂದು, ಮೈಮೇಲೆ ಕೆಂಪು ಪದರ ಉಳಿದದ್ದು ಇನ್ನೊಂದು. ನಾರು ಇರುವುದು ಕೆಂಪಿನಲ್ಲಿ. ಕಜೆ, ಎಂಒ-4 ಮೊದಲಾದ ಕೆಂಪು ತಳಿಗಳ ಅಕ್ಕಿಯನ್ನು ಕೇಳಿ, ಪಾಲಿಶ್ ಕಡಿಮೆಯಿರುವುದನ್ನು ಆರಿಸಿ ತರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯು ದಿನದ ಒಟ್ಟು ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರಬಾರದು ಎನ್ನುತ್ತದೆ. ನಮ್ಮಲ್ಲಿ ಹೆಚ್ಚಿನವರ ಊಟದಲ್ಲಿ ಅನ್ನದ ಪಾಲು ಅದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಅನ್ನವನ್ನು ಪೂರ್ತಿ ಓಡಿಸದೆ, ತಟ್ಟೆಯಲ್ಲಿ ಅದಕ್ಕೆ ಜೊತೆಗಾರರನ್ನು ಹೆಚ್ಚಿಸುವುದು ಜಾಣತನ. ಧಾನ್ಯದ ಸಲಾಡ್ ಮಾಡುವ ಕೆಲಸ ಇಷ್ಟೇ.

ನಾವು ಮಾಡುವ ಕ್ರಮ ಹೀಗೆ. ನಾಲ್ಕು ಜನರಿಗೆ ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಕೆಂಪು ಕುಚ್ಚಲಕ್ಕಿ ಸಾಕು. ಸಾಯಂಕಾಲ ತೊಳೆದು ಎರಡು ಗಂಟೆ ನೆನೆಸಿ, ಧಾರಾಳ ನೀರಿನಲ್ಲಿ ಬೇಯಿಸಿ. ಅಗುಳು ಬೆಂದಿರಬೇಕು, ಒಡೆದಿರಬಾರದು. ಬಸಿದ ತೆಳಿಯನ್ನು ಚೆಲ್ಲಬೇಡಿ. ಚಿಟಿಕೆ ಉಪ್ಪು ಹಾಕಿ ಮನೆಯ ಮಕ್ಕಳಿಗೆ ಕುಡಿಯಲು ಕೊಡಿ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗೆ ಬೇಗ ಆರಿಸಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಬೆಂದ ಅನ್ನ ಹೀಗೆ ರಾತ್ರಿಯಿಡೀ ತಣ್ಣಗಿದ್ದಾಗ ಅದರ ಪಿಷ್ಟದ ಒಂದು ಸಣ್ಣ ಪಾಲು ಬೇಗ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಇದರಿಂದಾಗುವ ಪ್ರಯೋಜನ ಸ್ವಲ್ಪ, ಆದರೆ ಅದಕ್ಕೆ ಖರ್ಚೇನೂ ಇಲ್ಲ.

ಇನ್ನು ಹೆಸರುಕಾಳು. ಅರ್ಧ ಲೋಟ ಕಾಳನ್ನು ಹಿಂದಿನ ದಿನವೇ ನೆನೆಸಿ, ಬಟ್ಟೆಯಲ್ಲಿ ಕಟ್ಟಿಡಬೇಕು. ನಮ್ಮ ಕಡಲ ದಂಡೆಯ ಸೆಕೆಯಲ್ಲಿ ಮೊಳಕೆಗೆ ಒಂದು ರಾತ್ರಿ ಸಾಕು. ಮೊಳಕೆಯನ್ನು ಹಸಿಯಾಗಿ ಬುತ್ತಿಗೆ ಹಾಕಬೇಡಿ, ಐದು ನಿಮಿಷ ಹಬೆಯಲ್ಲಿ ಬೇಯಿಸಿ ಆರಿಸಿ. ಬೆಳಗ್ಗೆ ಎರಡು ಮುಳ್ಳುಸೌತೆ, ಒಂದು ಕ್ಯಾರೆಟ್, ಒಂದು ನೀರುಳ್ಳಿ, ಒಂದು ಹಸಿಮೆಣಸು ಸಣ್ಣಗೆ ಹೆಚ್ಚಿ. ಮಾವಿನಕಾಯಿಯ ಕಾಲವಾದರೆ ಅರ್ಧ ಕಾಯಿ ತುರಿದು ಹಾಕಿ, ಅಲ್ಲದಿದ್ದರೆ ಎರಡು ನಿಂಬೆಹಣ್ಣಿನ ರಸ. ಕೊತ್ತಂಬರಿ, ಪುದೀನ ಎರಡೂ ಸೇರಿ ಎರಡು ಹಿಡಿ. ಹಿತ್ತಲಲ್ಲಿ ಒಂದೆಲಗ ಇದ್ದರೆ ಅದರ ಎಲೆಗಳನ್ನೂ ಹೆಚ್ಚಿ ಹಾಕಿ. ಎರಡು ಚಮಚ ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. ಅನ್ನ, ಕಾಳು, ತರಕಾರಿ ಎಲ್ಲವನ್ನೂ ಕೈಯಲ್ಲಿ ಹಗುರವಾಗಿ ಕಲಸಿದರೆ ಆಯಿತು. ತರಕಾರಿ ಮತ್ತು ಕಾಳು ಸೇರಿ ಅನ್ನಕ್ಕಿಂತ ಹೆಚ್ಚಿರಬೇಕು, ಕಣ್ಣಳತೆ ಇಷ್ಟೇ.

ಇಲ್ಲಿಯವರೆಗೆ ಇದು ಎಲ್ಲಿ ಬೇಕಾದರೂ ಆಗುವ ಊಟ. ಇದನ್ನು ಬೆಂಗ್ರೆಯದಾಗಿಸಿದವರು ತೋಟ ಬೆಂಗ್ರೆಯಿಂದ ಮೀನು ತರುವ ಅಕ್ಕ. ಒಂದು ದಿನ ಜಗಲಿಯಲ್ಲಿ ಕೂತು ಎರಡು ತುತ್ತು ತಿಂದು, "ಎಲ್ಲ ಸರಿ ಉಂಟು, ಆದರೆ ಇದರಲ್ಲಿ ಕಡಲೇ ಇಲ್ಲವಲ್ಲ ಮಾರಾಯ್ತಿ" ಎಂದರು. ಮರುದಿನ ಒಂದು ಪೊಟ್ಟಣ ಒಣ ಸೀಗಡಿ ಕೊಟ್ಟು ಹೋದರು. ಅದರ ತಲೆ, ಬಾಲ ಮುರಿದು, ಚೆನ್ನಾಗಿ ತೊಳೆದು ಒಣಗಿಸಿ, ಕಾವಲಿಯಲ್ಲಿ ಗರಿಗರಿಯಾಗಿ ಹುರಿದು, ಪುಡಿ ಮಾಡಿ ಮೇಲೆ ಉದುರಿಸಿದರೆ ರುಚಿಯೇ ಬೇರೆ. ಸೀಗಡಿಯಲ್ಲಿ ಉಪ್ಪು ಇರುತ್ತದೆ, ಆದ್ದರಿಂದ ಆ ದಿನ ಬೇರೆ ಉಪ್ಪು ಹಾಕುವುದಿಲ್ಲ. ರಕ್ತದೊತ್ತಡ ಇರುವವರಿಗೆ ಒಂದು ಚಿಟಿಕೆಗಿಂತ ಹೆಚ್ಚು ಬೇಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು ಹಸಿಮೀನು ದುಬಾರಿಯಾದಾಗ ಈ ಸೀಗಡಿಪುಡಿಯೇ ನಮ್ಮ ಮೀನು. ಉಳಿದ ದಿನಗಳಲ್ಲಿ ಒಂದೊಂದು ಬೇಯಿಸಿದ ಮೊಟ್ಟೆಯಾದರೂ ಆಗುತ್ತದೆ.

ಬುತ್ತಿ ಕಟ್ಟುವವರು ಮೂರು ವಿಷಯ ನೆನಪಿಡಬೇಕು. ಒಂದು, ಅನ್ನವನ್ನು ಬೆಚ್ಚಗಿರುವಾಗ ಡಬ್ಬಿಗೆ ಹಾಕಿ ಮುಚ್ಚಬಾರದು. ಕುದಿಸಿದರೂ ಸಾಯದ ಕೆಲವು ಸೂಕ್ಷ್ಮಾಣುಗಳು ಅನ್ನದಲ್ಲಿರುತ್ತವೆ. ಉಗುರುಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಾಂತಿಭೇದಿ ತರುತ್ತವೆ. ಫ್ರಿಜ್‌ನಿಂದ ತೆಗೆದದ್ದನ್ನೇ ಕಲಸಿ, ಡಬ್ಬಿಯ ಪಕ್ಕದಲ್ಲಿ ಮಂಜುಗಟ್ಟಿಸಿದ ನೀರಿನ ಬಾಟಲಿಯೊಂದನ್ನು ಬಟ್ಟೆ ಸುತ್ತಿ ಇಡಿ. ದಕ್ಕೆಯಲ್ಲಿ ಕೆಲಸ ಮಾಡುವವರಿಗಂತೂ ಐಸಿಗೆ ಬರವಿಲ್ಲ. ಎರಡು, ತೆಂಗಿನ ತುರಿ ಹಾಕುವುದಾದರೆ ಮನೆಯಲ್ಲಿ ಕೂಡಲೇ ಉಣ್ಣುವ ಪಾಲಿಗೆ ಮಾತ್ರ. ಬುತ್ತಿಯಲ್ಲಿ ಅದು ಬೇಗ ಹಳಸುತ್ತದೆ. ಮೂರು, ಉಪ್ಪು ಬೆರೆತರೆ ಸೌತೆ ನೀರು ಬಿಡುತ್ತದೆ. ಉಪ್ಪನ್ನೂ ಸೀಗಡಿಪುಡಿಯನ್ನೂ ಬೇರೆ ಚಿಕ್ಕ ಪೊಟ್ಟಣದಲ್ಲಿಟ್ಟು ಉಣ್ಣುವಾಗ ಬೆರೆಸುವುದು ಒಳ್ಳೆಯದು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇನ್ನೂ ಒಂದು ಮಾತು. ಊಟದ ಅನ್ನವನ್ನು ಒಮ್ಮೆಗೇ ಅರ್ಧಕ್ಕೆ ಇಳಿಸುವ ಮೊದಲು ವೈದ್ಯರಿಗೆ ತಿಳಿಸಿ, ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸಿಕೊಳ್ಳಿ. ನಾವೂ ಹಾಗೆಯೇ ಮಾಡಿದೆವು.

ಉಮ್ಮನಿಗೆ ಕಾಯಿಲೆ ವಾಸಿಯಾಯಿತೆಂದು ನಾನು ಬರೆಯಲಾರೆ. ಮಾತ್ರೆ ಇದೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇದೆ. ಆದರೆ ಅವರು ತಟ್ಟೆ ತಳ್ಳುವುದು ನಿಂತಿದೆ, ಹನ್ನೊಂದು ಗಂಟೆಯ ನಡುಕ ಮತ್ತೆ ಬಂದಿಲ್ಲ. "ಇದರ ಹೆಸರು ಎಂಥ?" ಎಂದು ಯಾರಾದರೂ ಕೇಳಿದರೆ ಸಲಾಡ್ ಎನ್ನುವುದಿಲ್ಲ, "ತಣ್ಣಗಿನ ಅನ್ನ" ಎನ್ನುತ್ತಾರೆ. ಅವರ ಮಟ್ಟಿಗೆ ಅದು ಅನ್ನವೇ, ಬೇರೇನೂ ಅಲ್ಲ. ಅದಕ್ಕೇ ತಿನ್ನುತ್ತಾರೆ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲೆ ನವಣೆ, ಸಾಮೆಗಳೂ ನಮ್ಮ ಅಂಗಡಿಗಳಿಗೆ ಬಂದಿವೆ, ಓಟ್ಸ್ ಮೊದಲೇ ಬಂದಿತ್ತು. ಘಟ್ಟದ ಮೇಲಿನವರು ಇದೇ ಕ್ರಮದಲ್ಲಿ ನವಣೆಯಿಂದ ಮಾಡಬಹುದು, ಉತ್ತರ ಕರ್ನಾಟಕದವರು ಗೋಧಿಯಿಂದ ಮಾಡಬಹುದು. ಯಾವ ಊರಿನ ಬಾಯಿಗೆ ಯಾವ ಧಾನ್ಯ ಒಗ್ಗಿದೆಯೋ ಅದರ ತೌಡು ತೆಗೆಯದ ರೂಪವನ್ನು ಹುಡುಕಿಕೊಂಡರೆ ಆಯಿತು. ಊರಿನ ಅನ್ನವನ್ನು ಕಿತ್ತುಕೊಂಡು ಕೊಡುವ ಪಥ್ಯ ಹೆಚ್ಚು ದಿನ ನಡೆಯದು.

ಕೊನೆಯದಾಗಿ ಅಡುಗೆ ಮಾಡುವ ಹೆಂಗಸರಿಗೆ ಒಂದು ಮಾತು. ಬುತ್ತಿ ಕಟ್ಟಿ ಎಲ್ಲರನ್ನೂ ಫೆರಿ ಹತ್ತಿಸಿದ ಮೇಲೆ ನಮ್ಮ ಮಧ್ಯಾಹ್ನದ ಊಟ ಸಾಮಾನ್ಯವಾಗಿ ತಳದಲ್ಲಿ ಉಳಿದ ಅನ್ನ, ನಿನ್ನೆಯ ಸಾರು. ಯಾರಿಗಾಗಿಯೂ ಒಲೆ ಹಚ್ಚುವುದಿಲ್ಲ ಎಂದು ನಮ್ಮನ್ನು ನಾವೇ ಲೆಕ್ಕದಿಂದ ಬಿಡುತ್ತೇವೆ. ಸಕ್ಕರೆ ಕಾಯಿಲೆ ನಮ್ಮನ್ನು ಲೆಕ್ಕದಿಂದ ಬಿಡುವುದಿಲ್ಲ. ಈ ಊಟಕ್ಕೆ ಮಧ್ಯಾಹ್ನ ಒಲೆ ಹಚ್ಚಬೇಕಾಗಿಲ್ಲ. ಬೆಳಗ್ಗೆ ಕಲಸುವಾಗಲೇ ನಿಮ್ಮ ಪಾಲನ್ನೂ ಒಂದು ಡಬ್ಬಿಗೆ ಹಾಕಿ, ಮುಚ್ಚಿ, ಫ್ರಿಜ್‌ನಲ್ಲಿ ಎತ್ತಿಡಿ.